ನವೆಂಬರ್‌ನಲ್ಲಿ ಸ್ಕಾಟ್ಲೆಂಡ್ ಕರಾವಳಿ: ರಸ್ತೆಯೆಲ್ಲ ನಮ್ಮದೇ, ಗ್ಯಾಸ್ ಮಾತ್ರ ಇಲ್ಲ

ಹಾಂ, ಈ ಬೋರ್ಡ್ ನೋಡಿ. ಬೇಕಿದ್ದರೆ ವಿಡಿಯೋ ನಿಲ್ಲಿಸಿ ಓದಿಕೊಳ್ಳಿ. ಬೇಡ ಬಿಡಿ, ನಾನೇ ಹೇಳುತ್ತೇನೆ. ರಸ್ತೆ 2053 ಅಡಿ ಎತ್ತರಕ್ಕೆ ಹತ್ತುತ್ತದೆ, ಐದು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ, ಹೇರ್‌ಪಿನ್ ತಿರುವು ಬೇರೆ. ಡ್ರೈವಿಂಗ್ ಕಲಿಯುತ್ತಿರುವವರು, ತುಂಬಾ ದೊಡ್ಡ ಗಾಡಿಗಳು, ಕ್ಯಾರವಾನ್‌ಗಳು ಮುಂದೆ ಹೋಗದೆ ಇದ್ದರೆ ಒಳ್ಳೆಯದು ಅಂತ ಬರೆದಿದ್ದಾರೆ. ನಮ್ಮ ಯಜಮಾನರು, ಅಂದರೆ ಇವರು, ಇದನ್ನು ಕ್ಯಾಮೆರಾಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದರು, ನಾಳೆ ಸಾಕ್ಷಿಗೆ ಬೇಕಾಗಬಹುದು ಅಂತ.

ಇದೇ ಬ್ಯಾಲಾಖ್ ನ ಬಾ, ನಾವು ಹೋಗಬೇಕಿರುವ ಆಪಲ್‌ಕ್ರಾಸ್ ಊರಿನ ಬೆಟ್ಟದ ದಾರಿ. 1822ರಲ್ಲಿ ಮಾಡಿದ ರಸ್ತೆ. ಸಮುದ್ರದ ಮಟ್ಟದಿಂದ ಶುರುವಾಗಿ ನೇರ 626 ಮೀಟರ್‌ಗೆ ಹೋಗುತ್ತದೆ. ನಮ್ಮದು ಏಳು ಮೀಟರ್ ಉದ್ದದ ಬಾಡಿಗೆ ಮೋಟರ್‌ಹೋಮ್. ಒಂದೇ ಗಾಡಿ ಹಿಡಿಯುವ ರಸ್ತೆಯಲ್ಲಿ ಎದುರಿಗೆ ಯಾರಾದರೂ ಬಂದರೆ ರಿವರ್ಸ್ ಹೋಗಬೇಕಾದವಳು ನಾನು. ಸ್ಟೇರಿಂಗ್ ನಂದು, ಭಯ ಇವರದ್ದು. ಇಷ್ಟು ಉದ್ದದ ಗಾಡಿ ತಗೊಂಡು ಮೇಲೆ ಹೋಗಿ ವಿಡಿಯೋ ಹಾಕುವವರಿಗೆ ಬುದ್ಧಿ ಇಲ್ಲ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಅದೂ ಅಲ್ಲದೆ ಮೇಲೆ ಹಿಮ ಬಿದ್ದಿದೆ. ನೋಡಿ, ಅಲ್ಲಿ, ಬೆಳ್ಳಗೆ. ಅಯ್ಯೋ, ಎಷ್ಟು ಚೆನ್ನಾಗಿದೆ ಅಲ್ವಾ? ಮೊದಲ ತಿರುವಿನ ತನಕ ಹೋಗಿ ಬರೋಣ್ವಾ ಅಂದೆ. ಇವರು ಉತ್ತರ ಕೊಡಲಿಲ್ಲ. ಮ್ಯಾಪ್‌ನಲ್ಲಿ ಶೀಲ್‌ಡೇಗ್ ಅಂತ ಟೈಪ್ ಮಾಡಿದರು.

ಸರಿ, ಸುತ್ತು ದಾರಿ. ಶೀಲ್‌ಡೇಗ್‌ನಿಂದ ಆಪಲ್‌ಕ್ರಾಸ್‌ಗೆ ಸುಮಾರು 40 ಕಿಲೋಮೀಟರ್, ಕರಾವಳಿ ಹಿಡಿದುಕೊಂಡೇ ಹೋಗುತ್ತದೆ. ಈ ರಸ್ತೆ ಆಗಿದ್ದೇ 1970ರ ದಶಕದಲ್ಲಂತೆ. ಅಲ್ಲಿಯವರೆಗೆ ಆಪಲ್‌ಕ್ರಾಸ್ ಊರಿನವರಿಗೆ ಗಾಡಿ ದಾರಿ ಅಂದರೆ ಆ ಬೆಟ್ಟ ಒಂದೇ. ಹಿಮ ಬಿದ್ದು ಅದು ಮುಚ್ಚಿದರೆ ದೋಣಿ ಹತ್ತಬೇಕು. ಇದೂ ಏನು ಸಪಾಟು ರಸ್ತೆ ಅಲ್ಲ. ಒಂದು ದಿಣ್ಣೆ ಹತ್ತುತ್ತೇವೆ, ಮುಂದೆ ರಸ್ತೆಯೇ ಕಾಣುವುದಿಲ್ಲ, ಬರೀ ಆಕಾಶ, ಆಮೇಲೆ ಧಡ್ ಅಂತ ಇಳಿಜಾರು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿದೆಯಲ್ಲ, ಅದು ಅದೇ. ನನ್ನ ಬಲಕ್ಕೆ ಸಮುದ್ರ. ಆಚೆ ಕಾಣುವುದು ರಾಸೇ ದ್ವೀಪ, ಅದರ ಹಿಂದೆ ಮೋಡದೊಳಗೆ ಇರುವುದು ಸ್ಕೈ.

ರಸ್ತೆ ನೋಡುತ್ತಾ ಇರಿ, ನಾನು ನಿನ್ನೆ ರಾತ್ರಿಯ ಕಥೆ ಹೇಳುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ನಿನ್ನೆ ಅಕ್ನಶೀನ್ ಹತ್ತಿರ ರಸ್ತೆ ಪಕ್ಕ ಮಲಗಿದ್ದೆವು. ಅದು ಕರಾವಳಿ ಅಲ್ಲ, ಒಳನಾಡು, ಚಳಿ ಜಾಸ್ತಿ. ಮಧ್ಯರಾತ್ರಿ ಹೀಟರ್ ಕೆಮ್ಮಿ ಕೆಮ್ಮಿ ಆಫ್ ಆಯಿತು. ಸ್ಟವ್ ಹಚ್ಚಿದರೆ ನೀಲಿ ಜ್ವಾಲೆ ಸಾಸಿವೆ ಕಾಳಿನಷ್ಟು, ಅದೂ ಹೋಯಿತು. ಇವರು ಹೊರಗೆ ಹೋಗಿ ಸಿಲಿಂಡರ್ ಅಲ್ಲಾಡಿಸಿದರು. ಒಳಗೆ ದ್ರವ ತುಳುಕುವ ಸದ್ದು ಚೆನ್ನಾಗಿ ಕೇಳುತ್ತಿದೆ, ಅಂದರೆ ಖಾಲಿ ಆಗಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ನೀಲಿ ಸಿಲಿಂಡರ್. ಇಲ್ಲಿ ನೀಲಿ ಅಂದರೆ ಬ್ಯೂಟೇನ್, ಕೆಂಪು ಅಂದರೆ ಪ್ರೊಪೇನ್. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿ ಆಗುವುದನ್ನೇ ನಿಲ್ಲಿಸುತ್ತದೆ, ಸುಮ್ನೆ ಡಬ್ಬಿಯೊಳಗೆ ನೀರಿನ ಹಾಗೆ ಕೂತಿರುತ್ತದೆ. ಪ್ರೊಪೇನ್ ಮೈನಸ್ 42ರವರೆಗೆ ಕೆಲಸ ಮಾಡುತ್ತದೆ. ನವೆಂಬರ್ ಕೊನೆಯಲ್ಲಿ ಸ್ಕಾಟ್ಲೆಂಡಿಗೆ ಹೋಗುತ್ತಿದ್ದೇವೆ ಅಂತ ಬುಕ್ ಮಾಡುವಾಗಲೇ ಬರೆದಿದ್ದೆವು, ಆದರೂ ಬಾಡಿಗೆಯವರು ಬೇಸಿಗೆ ಗ್ಯಾಸ್ ಹಾಕಿ ಕಳಿಸಿದ್ದಾರೆ. ನಮ್ಮ ಕಡೆ ಗ್ಯಾಸ್ ಮುಗಿಯುವಾಗ ಸಿಲಿಂಡರ್ ಮಲಗಿಸುತ್ತಾರಲ್ಲ, ಹಾಗೆ ಮಾಡಿ ಅಂತ ದಯವಿಟ್ಟು ಕಾಮೆಂಟ್ ಹಾಕಬೇಡಿ, ದ್ರವ ಸೀದಾ ರೆಗ್ಯುಲೇಟರ್‌ಗೆ ನುಗ್ಗುತ್ತದೆ, ಅಪಾಯ.

ಇಷ್ಟಕ್ಕೇ ಮುಗಿಯಲಿಲ್ಲ. ಬೆಳಗಿನ ಜಾವ ಗಾಡಿ ಕೆಳಗೆ ಸಳಸಳ ಸದ್ದು. "ಇದೇನೇ ಇದು, ಗಾಡಿ ಅಳ್ತಾ ಇದೆ" ಅಂದರು ಇವರು. ಬಾಯ್ಲರ್‌ಗೆ ಒಂದು ಫ್ರಾಸ್ಟ್ ವಾಲ್ವ್ ಇರುತ್ತದೆ. ಒಳಗೆ ಸುಮಾರು 3 ಡಿಗ್ರಿಗೆ ಇಳಿದರೆ ಅದು ತಾನಾಗೇ ತೆರೆದುಕೊಂಡು ಬಿಸಿನೀರಿನ ಟ್ಯಾಂಕ್ ಖಾಲಿ ಮಾಡುತ್ತದೆ, ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೆಯದಿರಲಿ ಅಂತ. ಒಳ್ಳೆಯ ಉಪಾಯವೇ. ಆದರೆ ಪಂಪ್ ಆನ್ ಇದ್ದರೆ ಅದು ಪಾಪ ತುಂಬಿಸುತ್ತಲೇ ಇರುತ್ತದೆ, ವಾಲ್ವ್ ಚೆಲ್ಲುತ್ತಲೇ ಇರುತ್ತದೆ. ಅಂತೂ ಗ್ಯಾಸ್ ಇಲ್ಲ, ಶಾಖ ಇಲ್ಲ, ಕೊನೆಗೆ ನೀರೂ ಇಲ್ಲ. ನೀರು ಹಿಡಿಯೋಣ ಅಂದರೆ ಕ್ಯಾಂಪ್‌ಸೈಟ್‌ಗಳಿಗೆ ಬೀಗ. ಬಹಳಷ್ಟು ಕಡೆ ಅಕ್ಟೋಬರ್‌ಗೇ ನಲ್ಲಿ ಬಂದ್ ಮಾಡಿ ಹೋಗುತ್ತಾರೆ.

ತಾಳಿ, ಎದುರಿಗೆ ಗಾಡಿ. ನೋಡಿ, ಎಡಕ್ಕೆ ಕಾಣುತ್ತಿರುವುದು ಪಾಸಿಂಗ್ ಪ್ಲೇಸ್, ಎದುರಿನ ಗಾಡಿಗೆ ದಾರಿ ಬಿಡಲಿ ಅಂತ ರಸ್ತೆ ಅಗಲ ಮಾಡಿರುವ ಜಾಗ. ನಮ್ಮ ಎಡಕ್ಕಿದ್ದರೆ ನಾವು ಒಳಗೆ ಸರಿಯಬೇಕು. ಬಲಕ್ಕಿದ್ದರೆ ಅದರ ಎದುರು ನಮ್ಮ ಜಾಗದಲ್ಲೇ ನಿಲ್ಲಬೇಕು, ಅವರು ಸುತ್ತಿಕೊಂಡು ಹೋಗುತ್ತಾರೆ. ಕೈ ಎತ್ತುವುದು ಕಡ್ಡಾಯ. ಎತ್ತದಿದ್ದರೆ ಕೆಟ್ಟದಾಗಿ ನೋಡುತ್ತಾರೆ. ಹಾಂ, ಥ್ಯಾಂಕ್ಯೂ. ಈ ಜಾಗದಲ್ಲಿ ಟೇಬಲ್ ಹಾಕಿಕೊಂಡು ಟೀ ಕುಡಿಯುವ ಮೋಟರ್‌ಹೋಮ್‌ನವರ ಮೇಲೆ ಊರಿನವರಿಗೆ ಬಹಳ ಸಿಟ್ಟು, ಅದು ನ್ಯಾಯವೇ. 2015ರಲ್ಲಿ ಈ ರಸ್ತೆಯೂ ಸೇರಿ ಉತ್ತರ ಸ್ಕಾಟ್ಲೆಂಡ್ ಸುತ್ತುವ 830 ಕಿಲೋಮೀಟರ್ ದಾರಿಗೆ ನಾರ್ತ್ ಕೋಸ್ಟ್ 500 ಅಂತ ಹೆಸರಿಟ್ಟು ಪ್ರಚಾರ ಶುರು ಮಾಡಿದ ಮೇಲೆ ಬೇಸಿಗೆಯಲ್ಲಿ ಇಲ್ಲಿ ಸಾಲುಗಟ್ಟಿ ಗಾಡಿಗಳು. ಹಾಗಾಗಿ ಆಫ್ ಸೀಸನ್ನೇ ಸರಿ. ನಿನ್ನೆ ರಾತ್ರಿ ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ.

ಎಲ್ಲಿದ್ದೆ? ಗ್ಯಾಸ್. ಬೆಳಿಗ್ಗೆ ಬಾಡಿಗೆಯವರಿಗೆ ಫೋನ್ ಮಾಡಿದರೆ, "ಇದುವರೆಗೂ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಚಳಿಗಾಲದಲ್ಲಿ ಯಾರಾದರೂ ಹೋಗಿದ್ದರೆ ತಾನೇ? ಲಾಖ್‌ಕ್ಯಾರನ್ ಕಡೆ ಒಂದು ಸಣ್ಣ ಗ್ಯಾರೇಜ್‌ನಲ್ಲಿ ಕೆಂಪು ಸಿಲಿಂಡರ್ ಸಿಕ್ಕಿತು. ಖುಷಿಯಿಂದ ತಂದು ಇಟ್ಟರೆ ಹೋಸ್ ಕೂರುವುದಿಲ್ಲ! ಬ್ಯೂಟೇನ್‌ಗೆ ಮೇಲಿಂದ ಒತ್ತಿ ಕೂರಿಸುವ ಕ್ಲಿಪ್, ಪ್ರೊಪೇನ್‌ಗೆ ಸ್ಪ್ಯಾನರ್ ಹಾಕಿ ಬಿಗಿಯುವ ನಟ್, ಅದೂ ಉಲ್ಟಾ ತಿರುಪಿನದ್ದು, ಎಡಕ್ಕೆ ತಿರುಗಿಸಿದರೆ ಬಿಗಿ. ಗೋಡೆಯಲ್ಲಿರುವ ರೆಗ್ಯುಲೇಟರ್ ಎರಡಕ್ಕೂ ಆಗುತ್ತದೆ, ನಡುವಿನ ಒಂದು ಗೇಣು ಹೋಸ್ ಮಾತ್ರ ಆಗುವುದಿಲ್ಲ. ಗ್ಯಾರೇಜ್ ಅಜ್ಜ ಒಳಗೆ ಹೋಗಿ ಡ್ರಾಯರ್ ಕೆದಕಿ ಹೊಸ ಹೋಸ್ ತಂದರು, ಬಿಗಿದರು, ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚಿದರು. ನಟ್ ಪಕ್ಕ ಒಂದು ಪುಟಾಣಿ ಗುಳ್ಳೆ ಎದ್ದಿತು. ಇನ್ನು ಸ್ವಲ್ಪ ಬಿಗಿದರು. ಗುಳ್ಳೆ ನಿಂತಿತು. ಗ್ಯಾಸ್, ಸಿಲಿಂಡರ್ ಠೇವಣಿ, ಹೋಸ್ ಎಲ್ಲ ನಮ್ಮದೇ ಖರ್ಚು. ರಸೀತಿ ಇಟ್ಟುಕೊಂಡಿದ್ದೇನೆ. ಆ ದುಡ್ಡು ವಾಪಸ್ ತಗೊಳ್ಳದೆ ಬಿಡುವವಳಲ್ಲ ನಾನು.

ಓ, ಸ್ಯಾಂಡ್ ಬೀಚ್ ಬಂತು. ಈ ಕೆಂಪು ಮರಳು, ಗುಡ್ಡಕ್ಕೆ ಅಂಟಿಕೊಂಡ ಮರಳು ದಿಬ್ಬ, ನೋಡಿಕೊಳ್ಳಿ. ಹತ್ತಿರದಲ್ಲೇ ಒಂದು ಬಂಡೆಯ ಆಸರೆ ಇದೆ. ಸಾವಿರಾರು ವರ್ಷಗಳ ಹಿಂದೆ ಬೇಟೆಯಾಡಿಕೊಂಡಿದ್ದ ಜನ ಅಲ್ಲಿ ಕೂತು ತಿಂದು ಎಸೆದ ಚಿಪ್ಪುಗಳ ರಾಶಿಯನ್ನೇ ಅಗೆದು ತೆಗೆದಿದ್ದಾರೆ. ಅವರಿಗೆ ನೀಲಿ ಸಿಲಿಂಡರ್ ಕಾಟ ಇರಲಿಲ್ಲ. ಗಾಳಿಗೆ ಮೈಕ್ ಹಾರಿಹೋಗುತ್ತಿದೆ, ಒಳಗೆ ಹೋಗುತ್ತೇನೆ.

ಮೂರೂಮುಕ್ಕಾಲಿಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ಜಿಂಕೆಗಳು ರಸ್ತೆಗೆ ಇಳಿಯುತ್ತವೆ. ಕತ್ತಲಲ್ಲಿ ಈ ರಸ್ತೆ ನನಗೆ ಬೇಡ, ಬೇಗ ಬೇಗ ಆಪಲ್‌ಕ್ರಾಸ್ ಸೇರಿಕೊಳ್ಳುತ್ತೇವೆ. ನಾಳೆ ಇದೇ ದಾರಿಯಲ್ಲಿ ವಾಪಸ್, ಟಾರಿಡನ್ ಮೇಲೆ ಗೇರ್‌ಲಾಕ್ ಕಡೆ. ಅಲ್ಲಿ ಟಾಯ್ಲೆಟ್ ಕ್ಯಾಸೆಟ್, ಅಂದರೆ ಗಾಡಿಯ ಟಾಯ್ಲೆಟ್ ಕೆಳಗಿನ ಕೊಳಕು ತುಂಬುವ ಡಬ್ಬಿ, ಖಾಲಿ ಮಾಡುವ ಜಾಗ ತೆರೆದಿದೆಯಾ ಅಂತ ಇವರು ಆಗಲೇ ಫೋನ್ ಹಿಡಿದು ಕೂತಿದ್ದಾರೆ, ಇನ್ನೂ ಯಾರೂ ಎತ್ತಿಲ್ಲ. ಕ್ಯಾಸೆಟ್‌ನ ಕೆಂಪು ಲೈಟ್ ಬೆಳಿಗ್ಗೆಯೇ ಹತ್ತಿದೆ. ಅದನ್ನು ಮಾತ್ರ ತೋರಿಸುವುದಿಲ್ಲ, ಕ್ಯಾಮೆರಾ ಆಫ್.