ರಾಳದೊಳಗೆ ಸಿಕ್ಕ ಬಾಲದ ಜೇಡ

ಕೇಳುಗರೇ, ನಮಸ್ಕಾರ. ಮಧ್ಯಾಹ್ನದ ಕೆಲಸ ಮುಗಿಸಿ ರೇಡಿಯೊ ಹಾಕಿರುತ್ತೀರಿ. ಹಾಗೇ ಒಮ್ಮೆ ಗೋಡೆಯ ಮೂಲೆ ನೋಡಿ, ಜೇಡ ಇದ್ದರೂ ಇರಬಹುದು. ಅದಕ್ಕೆ ಎಂಟು ಕಾಲು. ಬಾಲ ಇಲ್ಲ, ಅಲ್ವಾ?

ಸುಮಾರು 10 ಕೋಟಿ ವರ್ಷದ ಹಿಂದೆ ಬಾಲ ಇರುವ ಒಂದು ಜೇಡದಂಥ ಜೀವಿ ಇತ್ತು. ಈಗಿನ ಮ್ಯಾನ್ಮಾರಿನ ಉತ್ತರ ಭಾಗದಲ್ಲಿ, ಕಚಿನ್ ರಾಜ್ಯದ ಹುಕಾಂಗ್ ಕಣಿವೆಯಲ್ಲಿ, ಅಂಬರ್ ಒಳಗೆ ಸಿಕ್ಕಿತು. ಅಂಬರ್ ಅಂದರೆ ಬೇರೇನಲ್ಲ, ಮರದ ರಾಳ. ನಮ್ಮ ಧೂಪದ ಮರದಿಂದ ಸೋರುತ್ತದಲ್ಲ, ಅಂಥದ್ದೇ. ಸೋರುವಾಗ ಹುಳ ಅಂಟಿಕೊಂಡಿತು, ಮೇಲೆ ಇನ್ನಷ್ಟು ರಾಳ ಸುರಿಯಿತು, ಮಣ್ಣಿನಡಿ ಸೇರಿ ಕಲ್ಲಿನಂತಾಯಿತು. ಅದರಿಂದ ಡಿಎನ್ಎ ತೆಗೆದು ಡೈನೋಸಾರ್ ಹುಟ್ಟಿಸಬಹುದಾ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಆಗುವುದಿಲ್ಲ. ದಯವಿಟ್ಟು ಅದನ್ನು ಬಿಡೋಣ, ಜೇಡ ನೋಡೋಣ.

ನಾನು ಅಂಬರ್ ಒಳಗಿನ ಜೀವಿಗಳನ್ನು ಗುರುತಿಸುವ ಕೆಲಸ ಕಲಿಯಲು ಹೋದ ಮೊದಲ ವಾರ. ನನ್ನ ಗುರುಗಳು ಒಂದು ಅಂಬರ್ ತುಂಡು ಕೈಗಿಟ್ಟರು. ಹುಣಸೆ ಬೀಜದಷ್ಟು ದೊಡ್ಡದು, ಜೋನಿಬೆಲ್ಲದ ಬಣ್ಣ. 'ಒಳಗೇನಿದೆ, ಚಿತ್ರ ಬರೆದು ತೋರಿಸು' ಅಂದರು. ಮೈಕ್ರೋಸ್ಕೋಪಿನಡಿ ಇಟ್ಟರೆ ಜೇಡ! ಸಂಜೆಯವರೆಗೆ ಕೂತು ಬರೆದೆ. ಅವರು ಚಿತ್ರ ನೋಡಿ ಒಂದೇ ಮಾತು ಕೇಳಿದರು: 'ಕಾಲೆಷ್ಟು?' ಎಣಿಸಿದೆ. ಒಂಬತ್ತು. ಮತ್ತೆ ಎಣಿಸಿದೆ. ಒಂಬತ್ತೇ. ಹೊಸ ಜೀವಿಯೇ ಸಿಕ್ಕಿತು ಎಂದು ನನಗೆ ಎದೆ ಡವಡವ.

ಅವರು ಬೈಯಲಿಲ್ಲ. ತುಂಡಿನ ಒಂದು ಬದಿಯನ್ನು ನುಣುಪಾದ ಉಜ್ಜು ಕಾಗದದ ಮೇಲೆ ಉಜ್ಜಿಸಿದರು. ಎರಡು ದಿನ ಉಜ್ಜಿದೆ. ಸ್ವಲ್ಪ ಜಾಸ್ತಿ ಉಜ್ಜಿದರೆ ಜೇಡದ ಕಾಲೇ ಹೋಗುತ್ತದೆ. ಬೆರಳು ನಡುಗುತ್ತಿತ್ತು. ಆಮೇಲೆ ಮೇಲೊಂದು ಹನಿ ಗ್ಲಿಸರಿನ್, ಅದರ ಮೇಲೆ ತೆಳು ಗಾಜು. ಪಕ್ಕದಿಂದ ದೀಪ ಹಿಡಿದು ತುಂಡನ್ನು ಮೆಲ್ಲಗೆ ತಿರುಗಿಸಿದರು. ಒಂಬತ್ತನೆಯ ಕಾಲು ಮಿಣುಕ್ಕನೆ ಹೊಳೆದು ಮಾಯವಾಯಿತು! ಅದು ಅಂಬರಿನೊಳಗಿನ ಬಿರುಕು. 'ತಿರುಗಿಸಿ ನೋಡದೆ ಹೆಸರಿಡಬೇಡ' ಅಂದರು.

ತಿರುಗಿಸಿ ನೋಡಬೇಕು. ಇವತ್ತು ನಾನು ಹೇಳಬೇಕಾದ್ದು ಇದೊಂದೇ.

ಮಾತು ಉದ್ದವಾಯಿತು, ಬಾಲದ ಜೇಡಕ್ಕೆ ಬರುತ್ತೇನೆ. ಮೈ ಎಳ್ಳುಕಾಳಿನಷ್ಟು, ಎರಡೂವರೆ ಮಿಲಿಮೀಟರ್. ಬಾಲ ಅದಕ್ಕಿಂತ ಉದ್ದ, ಸುಮಾರು 3 ಮಿಲಿಮೀಟರ್. ಇಷ್ಟು ಸಣ್ಣದರಲ್ಲಿ ಬಾಲ ಯಾವುದು, ಪಕ್ಕದಲ್ಲಿ ಬಿದ್ದ ನಾರು ಯಾವುದು? ವಿಜ್ಞಾನಿಗಳು ತಿರುಗಿಸಿ ನೋಡಿದರು. ಬಾಲ ಗಂಟುಗಂಟಾಗಿ ಮೈಗೇ ಸೇರಿದೆ. ಮೈಯ ಅಡಿಯಲ್ಲಿ ನೂಲು ತೆಗೆಯುವ ಅಂಗಗಳೂ ಇವೆ. ಮುಂದಿನ ಪುಟ್ಟ ಕೈಗಳ ತುದಿ ಗಂಡು ಜೇಡಗಳಲ್ಲಿರುವಂತೆ ದಪ್ಪಗಿದೆ. ಎರಡು ತಂಡಗಳು ಬೇರೆ ಬೇರೆ ತುಂಡುಗಳನ್ನು ನೋಡಿದವು. ಎರಡು ಕಡೆಯೂ ಅದೇ ಬಾಲ! 2018ರ ಫೆಬ್ರವರಿಯಲ್ಲಿ ಇಬ್ಬರೂ ಒಟ್ಟಿಗೇ ಪ್ರಕಟಿಸಿದರು. ಹೆಸರು ಕೈಮೆರಾರ್ಯಾಕ್ನೆ ಯಿಂಗಿ. ಕೈಮೆರಾ ಎಂದರೆ ಗ್ರೀಕರ ಕಥೆಯಲ್ಲಿ ಹಲವು ಪ್ರಾಣಿಗಳ ಅಂಗ ಸೇರಿದ ಒಂದು ಜೀವಿ. ಇದು ಜೇಡಗಳ ಸಾಲಿಗೆ ಹತ್ತಿರವೋ, ಅಳಿದುಹೋದ ಬೇರೊಂದು ಗುಂಪಿನದೋ ಎಂಬಲ್ಲಿ ಮಾತ್ರ ತಂಡಗಳಿಗೆ ಒಮ್ಮತವಿಲ್ಲ.

ತಿರುಗಿಸಿ ನೋಡದಿದ್ದರೆ ಏನಾಗುತ್ತದೆ? ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸಿಕ್ಕ ಅಟರ್ಕೋಪಸ್ ಎಂಬ 38 ಕೋಟಿ ವರ್ಷದ ಜೀವಿಯನ್ನು ಬಹಳ ಕಾಲ ಅತಿ ಹಳೆಯ ಜೇಡ ಎಂದೇ ಎಣಿಸಿದ್ದರು. 2008ರಲ್ಲಿ ಮತ್ತೆ ನೋಡಿದಾಗ, ನೂಲಿನ ಅಂಗ ಎಂದುಕೊಂಡಿದ್ದು ಮಡಚಿಕೊಂಡ ಚರ್ಮದ ಚೂರು ಎಂದು ಗೊತ್ತಾಯಿತು. ಅದಕ್ಕೂ ಬಾಲ ಇತ್ತು!

ಗುಜರಾತಿನ ಸೂರತ್ ಹತ್ತಿರದ ವಸ್ತಾನ್ ಗಣಿಯಲ್ಲೂ ಅಂಬರ್ ಸಿಕ್ಕಿದೆ, ಸುಮಾರು 5 ಕೋಟಿ ವರ್ಷದ್ದು. ಅದನ್ನು ಸುರಿಸಿದ್ದು ನಮ್ಮ ಧೂಪದ ಮರದ ಕುಟುಂಬದ ಮರಗಳೇ. ಹೇಳುವುದು ಇನ್ನೂ ಇತ್ತು, ಆದರೆ ಸ್ಟುಡಿಯೊದವರು ಗಡಿಯಾರ ತೋರಿಸುತ್ತಿದ್ದಾರೆ. ನಮಸ್ಕಾರ.