ಕಪ್ಪೆಬಾಯಿ ಹಕ್ಕಿಯ ಎದುರು ಹತ್ತು ನಿಮಿಷ

ಕೇಳುಗರಿಗೆ ನಮಸ್ಕಾರ.

ಗೋವಾದಲ್ಲಿದ್ದೇವೆ ಅಂದರೆ ಸಾಕು, ಧಾರವಾಡದ ನೆಂಟರು ಕೇಳುವುದು ಒಂದೇ ಮಾತು: "ದಿನಾ ಬೀಚಿಗೆ ಹೋಗ್ತೀರೇನ್ರಿ?" ವಾಸ್ಕೋದಲ್ಲಿ ಇಷ್ಟು ವರ್ಷ ಕಳೆದರೂ ನಾನು ಬೀಚ್ ಕಾಣುವುದು ಆ ನೆಂಟರು ಬಂದಾಗಲೇ. ಹೋದ ಜನವರಿಯಲ್ಲಿ ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ, ತಾಂಬಡಿ ಸುರ್ಲಾದ ಹತ್ತಿರ ಎರಡು ರಾತ್ರಿ ಇದ್ದು ಬಂದೆವು. ಹಕ್ಕಿ ನೋಡುವವರಿಗೆಂದೇ ಕಾಡಿನ ಅಂಚಿನಲ್ಲಿ ಕಟ್ಟಿದ ಸಣ್ಣ ಲಾಡ್ಜ್. ಟಿವಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಮೊದಲ ಸಂಜೆ ಮಗಳ ಮುಖ ನೋಡಬೇಕಿತ್ತು!

ಸುತ್ತ ಇರುವುದು ಭಗವಾನ್ ಮಹಾವೀರ ಅಭಯಾರಣ್ಯ, 240 ಚದರ ಕಿಲೋಮೀಟರ್. ಘಟ್ಟ ಹತ್ತಿದರೆ ನಮ್ಮ ಕ್ಯಾಸಲ್ ರಾಕ್. ಗೈಡ್ ಅಲ್ಲಿಯ ಹುಡುಗ. ಹಕ್ಕಿಗಳ ಇಂಗ್ಲಿಷ್ ಹೆಸರು ಅವನಿಗೆ ಬಾಯಿಪಾಠ. ಅಡುಗೆಯ ಅಕ್ಕ ಜೊಯಿಡಾದವರು. ಅವನು "ಹಾರ್ನ್‌ಬಿಲ್" ಅಂದರೆ ಒಳಗಿನಿಂದ "ಮಂಗಟ್ಟೆ ಅನ್ನು" ಎಂದು ಕೂಗು ಬರುತ್ತಿತ್ತು. "ಪಿಟ್ಟಾ" ಅಂದರೆ "ನವರಂಗ". ಚಳಿಗಾಲ ಕಳೆಯಲು ಹಿಮಾಲಯದ ತಪ್ಪಲಿನಿಂದ ಇಲ್ಲಿಯವರೆಗೆ ಬರುವ ಆ ಪುಟ್ಟ ಹಕ್ಕಿ, ಮುಂಜಾನೆ ತರಗೆಲೆ ಮಗುಚಿ ಹುಳ ಹುಡುಕುತ್ತಿತ್ತು.

ನಾನು ಹೊಸ ಬಿಳಿ ಅಂಗಿ ಹಾಕಿ ಹೊರಟಿದ್ದೆ. ಗೈಡ್ ಏನೂ ಅನ್ನಲಿಲ್ಲ. ಸುಮ್ನೆ ತನ್ನ ಮಾಸಿದ ಹಸಿರು ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟ.

ಒಂದು ಬಳ್ಳಿಪೊದೆಯ ಮುಂದೆ ನಿಂತು ಬೆರಳು ತೋರಿಸಿದ. ನನಗೆ ಕಂಡದ್ದು ಒಣಗಿದ ಎಲೆ. ಮಗಳು ತಕ್ಷಣ "ಹಾಂ, ಎರಡು!" ಅಂದಳು. ನನಗೆ ಹತ್ತು ನಿಮಿಷ ಬೇಕಾಯಿತು. ನೋಡ್ತಾ ನೋಡ್ತಾ ಒಂದು ಎಲೆಗೆ ಮೀಸೆ ಮೂಡಿತು. ಆಮೇಲೆ ಗೆರೆಯಷ್ಟೇ ತೆರೆದ ಕಣ್ಣು, ಅಗಲವಾದ ಕಪ್ಪೆಬಾಯಿ. ಅದೇ ಫ್ರಾಗ್‌ಮೌತ್. ಬೂದು ಬಣ್ಣದ್ದು ಗಂಡು, ಅದಕ್ಕೆ ಒತ್ತಿಕೊಂಡು ಕೂತ ತುಕ್ಕಿನ ಬಣ್ಣದ್ದು ಹೆಣ್ಣು. ಹಗಲೆಲ್ಲ ಅಲುಗಾಡದೆ ಹೀಗೇ ಕೂತು, ಕತ್ತಲಾದ ಮೇಲೆ ಹುಳ ಹಿಡಿಯಲು ಹೊರಡುತ್ತವಂತೆ. ಇಡುವುದು ಒಂದೇ ಮೊಟ್ಟೆ. ಹಗಲಿನ ಕಾವು ಗಂಡಿನ ಪಾಲು.

ಮರುದಿನ ಇನ್ನೊಂದು ತಂಡದವರು ಸ್ಪೀಕರಿನಲ್ಲಿ ಟ್ರೋಗನ್ ಎಂಬ ಕಾಡುಹಕ್ಕಿಯ ಕೂಗು ಹಾಕಿ ಅದನ್ನು ಕರೆಯುತ್ತಿದ್ದರು. ಗಂಡಿಗೆ ಕೆಂಪು ಎದೆ. ಗಂಡು ಹಕ್ಕಿ ಎದುರಾಳಿ ಬಂದ ಎಂದುಕೊಂಡು, ಮೇವು ಬಿಟ್ಟು ಓಡಿ ಬರುತ್ತದೆ. ಫೋಟೋ ಸಿಗುತ್ತೆ, ನಿಜ. ನನಗೆ ಅದು ಮನೆ ಬಾಗಿಲು ಬಡಿದು ಓಡಿಹೋಗುವ ಹುಡುಗಾಟದಂತೆ ಕಂಡಿತು. ನಮ್ಮ ಗೈಡ್ ಆ ದಾರಿಯನ್ನೇ ಬಿಟ್ಟ.

ನಾವು ವಾಪಸ್ ಬಂದು ಅಡುಗೆಮನೆಯ ಹಿಂದೆ ಕೂತೆವು. ಅಲ್ಲೊಂದು ಕಲ್ಲಿನ ಬಾನಿ, ಅದಕ್ಕೆ ತೊಟ್ಟಿಕ್ಕುವ ಪೈಪು. ಚಹಾ ಮುಗಿಯುವ ಮೊದಲೇ ಪಿಕಳಾರ ಬಂತು. ಕಪ್ಪು ತಲೆ, ಹಳದಿ ಮೈ, ಗಂಟಲಿಗೆ ಕೆಂಡದ ಬಣ್ಣ, ಬಿಳಿ ಕಣ್ಣು. ಗೋವಾದ ರಾಜ್ಯಪಕ್ಷಿ ಇದೇ. ಮೊದಲು ಅಂಚಿನಲ್ಲಿ ಕೂತು ನಮ್ಮನ್ನು ನೋಡಿತು. ಪುಳಕ್ಕನೆ ಮುಳುಗಿತು, ಎದ್ದಿತು, ಮೈ ಕೊಡವಿತು. ಹನಿ ನನ್ನ ಚಹಾಕ್ಕೇ ಬಿತ್ತು.

ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಮಳೆಗಾಲದಲ್ಲಿ ಇಂಬಳದ ಕಾಟ ಜಾಸ್ತಿ. ಬುಕ್ ಮಾಡುವಾಗ ಗೈಡ್ ಖರ್ಚು ಸೇರಿದೆಯಾ, ರಾತ್ರಿ ಮ್ಯೂಸಿಕ್ ಇರುತ್ತಾ ಎಂದು ಕೇಳಿಕೊಳ್ಳಿ. ಹಿಂದೊಮ್ಮೆ ಬೇರೆ ಕಡೆ 'ಕಾಡಿನ ಮೌನ' ಎಂಬ ಜಾಹೀರಾತು ನಂಬಿ ಹೋಗಿ, ನಡುರಾತ್ರಿಯವರೆಗೆ ಡಿಜೆ ಕೇಳಿ ಬಂದವನು ನಾನು.

ಕೊನೆಯ ದಿನ ಬ್ಯಾಗು ಕಾರಿಗೆ ಹಾಕುತ್ತಿದ್ದಾಗ, ಯಾರೂ ಕರೆಯದೆಯೇ ಟ್ರೋಗನ್ ಬಂದು ಎದುರಿನ ಕೊಂಬೆಯಲ್ಲಿ ಕೂತಿತು. ಕೂತದ್ದು ನಮಗೆ ಬೆನ್ನು ಮಾಡಿ. ಆ ಕೆಂಪು ಎದೆ ಕಾಣಲೇ ಇಲ್ಲ. ಬೆನ್ನಷ್ಟೇ ಕಂಡ ಹಕ್ಕಿಯನ್ನು ಪಟ್ಟಿಗೆ ಸೇರಿಸಬಹುದೋ ಇಲ್ಲವೋ ಎಂದು ಮಗಳು ವಾಸ್ಕೋ ಮುಟ್ಟುವವರೆಗೂ ವಾದ ಮಾಡಿದಳು.

ನಮಸ್ಕಾರ.