ಬಿಳಿ ಗೆರೆಯ ರಸ್ತೆಗಳು

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯುವುದರ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಎದ್ದು, ಸೈಕಲ್ಲಿಗೆ ಲೈಟು ಸಿಕ್ಕಿಸಿ, ನಂದಿ ಬೆಟ್ಟದ ಕಡೆಗೋ ಶ್ರೀರಂಗಪಟ್ಟಣದ ಕಡೆಗೋ ಹೊರಡುವ ಗೆಳೆಯರು ಇದನ್ನು ಕೇಳುತ್ತಿರಬಹುದು. ಮಗಳು ಅಲ್ಲಿ ಓದುತ್ತಿದ್ದಾಳೆ, ಬೇಸಿಗೆಯಲ್ಲಿ ಒಂದು ತಿಂಗಳು ಹೋಗಿದ್ದು ಬರೋಣ ಎಂದುಕೊಂಡಿರುವ ಅಪ್ಪ ಅಮ್ಮಂದಿರೂ ಕೇಳುತ್ತಿರಬಹುದು. ನಿಮಗೆಲ್ಲ ನಾನು ಹೇಳುವುದು ಒಂದೇ ಮಾತು. ಸಣ್ಣ ರಸ್ತೆ ಹಿಡಿಯಿರಿ. ಇನ್ನೂ ಸಣ್ಣದು ಸಿಕ್ಕರೆ ಅದನ್ನು ಹಿಡಿಯಿರಿ.

ಫ್ರಾನ್ಸ್ ಅಂದ ತಕ್ಷಣ ಜನ ನನ್ನನ್ನು ಕೇಳುವುದು ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ಬಗ್ಗೆ. ಆ ರೇಸಿನ ಹೆಸರಾದ ಏರು ಆಲ್ಪ್ ದ್ಯುಯೆಜ್ ಬೆಟ್ಟದ 21 ತಿರುವು ಹತ್ತಿದಿರಾ, ಎಷ್ಟು ನಿಮಿಷ ಹಿಡಿಯಿತು ಅಂತ. ಹತ್ತಿ, ಬೇಡ ಅನ್ನುವುದಿಲ್ಲ. ಆದರೆ ಅಷ್ಟು ದೂರ ವಿಮಾನದಲ್ಲಿ ಹೋಗಿ, ಒಂದು ಬೆಟ್ಟ ಹತ್ತಿ, ಗಡಿಯಾರ ನೋಡಿಕೊಂಡು, ಫೋಟೋ ತೆಗೆದು ವಾಪಸು ಬರುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಆ ದೇಶ ಸೈಕಲ್ ಸವಾರರಿಗೆ ಇಟ್ಟಿರುವ ದೊಡ್ಡ ಉಡುಗೊರೆ ಬೆಟ್ಟದ ಮೇಲಿಲ್ಲ. ಊರಿಂದ ಊರಿಗೆ ಹೋಗುವ ಒಂದೇ ಗಾಡಿ ಅಗಲದ ಡಾಂಬರು ದಾರಿಗಳಲ್ಲಿದೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ. ಫ್ರಾನ್ಸಿನಲ್ಲಿ ಮೋಟಾರು ಹೆದ್ದಾರಿ ಇರುವುದು ಸುಮಾರು 12,000 ಕಿಲೋಮೀಟರು. ಹಳ್ಳಿಯ ಪಂಚಾಯಿತಿಗಳು ನೋಡಿಕೊಳ್ಳುವ ರಸ್ತೆ ಸುಮಾರು 7 ಲಕ್ಷ ಕಿಲೋಮೀಟರು! ಅಲ್ಲಿ ಪಂಚಾಯಿತಿಗೆ ಕೊಮ್ಯೂನ್ ಅನ್ನುತ್ತಾರೆ. ಅಂಥವು 35,000ದ ಹತ್ತಿರ ಇವೆ. 1836ರಲ್ಲಿ ಒಂದು ಕಾನೂನು ಬಂತು. ಊರೂರಿನ ನಡುವಿನ ದಾರಿಯನ್ನು ಆಯಾ ಊರೇ ಸರಿಯಾಗಿ ಇಟ್ಟುಕೊಳ್ಳಬೇಕು, ಅದಕ್ಕಾಗಿ ಊರಿನವರಿಂದ ವರ್ಷಕ್ಕೆ ಮೂರು ದಿನದ ಕೆಲಸ ಕೇಳಬಹುದು ಅಂತ. ಎತ್ತಿನ ಗಾಡಿ, ಕುದುರೆ ಗಾಡಿಗಾಗಿ ಗಟ್ಟಿ ಮಾಡಿದ ಆ ದಾರಿಗಳೇ ಮುಂದೆ ಡಾಂಬರು ಕಂಡವು. ಹಳ್ಳಿಯ ಜನ ಪಟ್ಟಣಕ್ಕೆ ಹೋದರು, ಕಾರುಗಳು ದೊಡ್ಡ ರಸ್ತೆ ಹಿಡಿದವು, ಸಣ್ಣ ರಸ್ತೆ ಖಾಲಿ ಉಳಿಯಿತು. ನಮಗಾಗಿ ಉಳಿಯಿತು ಅಂತಲೇ ನಾನು ತಿಳಿದಿದ್ದೇನೆ.

ಇವನ್ನು ಹುಡುಕುವುದು ಹೇಗೆ? ಕಾಗದದ ಮ್ಯಾಪು ತೆಗೆದುಕೊಳ್ಳಿ. ಫೋನು ಜೇಬಿನಲ್ಲಿರಲಿ. ಮಿಷೆಲಿನ್ ಎಂಬ ಟೈರು ಕಂಪನಿ ಮಾಡುವ ಮ್ಯಾಪಿನಲ್ಲಿ ದೊಡ್ಡ ರಸ್ತೆಗೆ ಕೆಂಪು, ಅದಕ್ಕಿಂತ ಸಣ್ಣದಕ್ಕೆ ಹಳದಿ, ಇನ್ನೂ ಸಣ್ಣದಕ್ಕೆ ಬಿಳಿ ಗೆರೆ. ಬಿಳಿ ಗೆರೆ ಹಿಡಿಯಿರಿ. ಗೆರೆಯ ಪಕ್ಕ ಹಸಿರು ಬಣ್ಣ ಇದ್ದರೆ ನೋಟ ಚೆನ್ನಾಗಿದೆ ಎಂದು ಅರ್ಥ. ಗೆರೆಯ ಮೇಲೆ ಬಾಣದ ಗುರುತು ಇದ್ದರೆ ಏರು ಇದೆ. ಒಂದು ಬಾಣ ಇದ್ದರೆ ತುಳಿಯಬಹುದು. ಎರಡಿದ್ದರೆ ಬೆವರು ಇಳಿಯುತ್ತದೆ. ಮೂರಿದ್ದರೆ ಇಳಿದು ತಳ್ಳಿ, ಅವಮಾನ ಏನಿಲ್ಲ.

ಇನ್ನೊಂದು ಗುಟ್ಟು. ರಸ್ತೆಯ ನಂಬರಿನ ಮುಂದೆ ಡಿ ಅಕ್ಷರ ಇದ್ದರೆ ಅದು ಜಿಲ್ಲೆಯ ರಸ್ತೆ. ಪಕ್ಕದಲ್ಲಿ ಹಳದಿ ಟೋಪಿಯ ಬಿಳಿ ಮೈಲಿಗಲ್ಲು ಕಾಣುತ್ತದೆ. ಸಾಮಾನ್ಯವಾಗಿ ಒಳ್ಳೆಯ ರಸ್ತೆ. ಆದರೆ 2006ರಲ್ಲಿ ಸರಕಾರ ಎಷ್ಟೋ ರಾಷ್ಟ್ರೀಯ ಹೆದ್ದಾರಿಗಳನ್ನು ಜಿಲ್ಲೆಗಳಿಗೆ ಬಿಟ್ಟುಕೊಟ್ಟಿತು. ಹೆದ್ದಾರಿ 20 ಹೋಗಿ ಡಿ 2020 ಆಯಿತು. 144 ಹೋಗಿ ಡಿ 2144 ಆಯಿತು. ನಂಬರು ಬದಲಾಯಿತು, ಲಾರಿಗಳು ಬದಲಾಗಲಿಲ್ಲ. ನಾಲ್ಕಂಕಿಯ ಡಿ ರಸ್ತೆ ಕಂಡರೆ ಹುಷಾರು. ಇದನ್ನು ನಾನು ಕಲಿತ ಕಥೆ ಹೇಳುತ್ತೇನೆ, ಕೇಳಿ.

2019ರ ಆಗಸ್ಟಿನಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಹೋಗಿದ್ದೆ. 1,200 ಕಿಲೋಮೀಟರು, 90 ಗಂಟೆಯೊಳಗೆ ಮುಗಿಸಬೇಕು, ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ನಮ್ಮ ಬೆಂಗಳೂರಿನಿಂದಲೂ ಸವಾರರು ಬಂದಿದ್ದರು. ಅದು ಮುಗಿದ ಮೇಲೆ ನಾಲ್ಕು ದಿನ ನನಗಾಗಿ ಇಟ್ಟುಕೊಂಡಿದ್ದೆ. ದೇಶದ ನಡುಮಧ್ಯದ ಬೂರ್ಜ್ ಪಟ್ಟಣದಿಂದ ತೆಂಕಕ್ಕೆ, ಟ್ರಾನ್ಸೆ ಕಾಡಿನವರೆಗೆ ಹೋಗಬೇಕೆಂದು ಆಸೆ. ತಿಂಗಳ ಕೊನೆಯ ಸೋಮವಾರ. ಬೇಗ ತಲುಪೋಣ ಎಂದು ಡಿ 2144 ಹಿಡಿದೆ. ಎರಡು ಗಂಟೆ ಲಾರಿಗಳ ಗಾಳಿಯಲ್ಲಿ ಹ್ಯಾಂಡಲ್ ಬಿಗಿ ಹಿಡಿದು ತುಳಿದೆ. ಒಂದು ಹಕ್ಕಿಯ ಕೂಗೂ ಕೇಳಲಿಲ್ಲ. ಬ್ರುಯೇರ್ ಅಲಿಶಾಂ ಎಂಬ ಊರು ಬಂತು. ಫ್ರಾನ್ಸಿನ ನಟ್ಟನಡು ನಮ್ಮೂರೇ ಅನ್ನುತ್ತಾರೆ ಅಲ್ಲಿಯವರು. ಕೂಡುರಸ್ತೆಯ ಮಧ್ಯದಲ್ಲಿ ರೋಮನ್ನರ ಕಾಲದ ಮೈಲಿಗಲ್ಲೊಂದು ನಿಂತಿದೆ. ಅದಕ್ಕೆ ಒರಗಿ ಬ್ರೆಡ್ಡು ತಿನ್ನೋಣ ಎಂದುಕೊಂಡೆ. ಬೇಕರಿ ಮುಚ್ಚಿತ್ತು. ಸೋಮವಾರ ರಜೆ.

ಅಲ್ಲಿಂದ ಸಾಕಪ್ಪ ಅನ್ನಿಸಿ ಸಣ್ಣ ದಾರಿಗೆ ಇಳಿದೆ. ಮುಂದಿನ ಊರಿನಲ್ಲಿ ಅಂಗಡಿಯೇ ಇಲ್ಲ. ಒಂದು ಚರ್ಚು, ಬಾವುಟ ಹಾಕಿದ ಪಂಚಾಯಿತಿ ಕಟ್ಟಡ, ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು. ಅಷ್ಟು ಚಿಕ್ಕ ಊರಿನ ಕಲ್ಲಿನ ಮೇಲೆ ಅಷ್ಟು ಹೆಸರು ನೋಡಿ ಗಂಟಲು ಕಟ್ಟಿತು. ಮಧ್ಯಾಹ್ನ ಒಂದು ಗಂಟೆ. ಬಿಸಿಲು ನಮ್ಮ ರಾಯಚೂರಿನ ಹಾಗೆ. ಕಿಟಕಿಗಳ ಬಾಗಿಲೆಲ್ಲ ಹಾಕಿದ್ದವು. ಎರಡೂ ಬಾಟಲಿ ಖಾಲಿ. ಆಗ ನೆನಪಾಯಿತು. ಬ್ರೆಸ್ಟ್ ದಾರಿಯಲ್ಲಿ ಜೊತೆಗೆ ತುಳಿದ ಒಬ್ಬ ಹಿರಿಯ ಫ್ರೆಂಚ್ ಸವಾರ ಹೇಳಿದ್ದರು. ನೀರು ಬೇಕಾದರೆ ಸ್ಮಶಾನಕ್ಕೆ ಹೋಗು, ಸಮಾಧಿಯ ಹೂಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ ಅಂತ.

ನನಗೆ ಮನಸ್ಸು ಬರಲಿಲ್ಲ. ಸ್ಮಶಾನದ ನೀರು ಕುಡಿಯುವುದಾ? ಗೇಟಿನ ಹತ್ತಿರ ಸೈಕಲ್ ಹಿಡಿದುಕೊಂಡು ನಿಂತೆ. ಒಳಗೆ ಒಬ್ಬ ಅಜ್ಜಿ ಹಸಿರು ಕ್ಯಾನು ಹಿಡಿದು ಒಂದು ಸಮಾಧಿಯ ಹೂಗಿಡಕ್ಕೆ ನೀರು ಹಾಕುತ್ತಿದ್ದರು. ಬೋಂಜೂರ್ ಮದಾಮ್, ಅಂದರೆ ನಮಸ್ಕಾರ ಅಮ್ಮಾ, ಅಂದೆ. ಈ ಒಂದು ಮಾತು ಕಲಿತುಕೊಳ್ಳಿ. ಅಂಗಡಿಗೆ ಕಾಲಿಡುವಾಗ, ದಾರಿಯಲ್ಲಿ ಯಾರಾದರೂ ಎದುರಾದಾಗ, ಮೊದಲು ಬೋಂಜೂರ್. ಅದಿಲ್ಲದೆ ಏನು ಕೇಳಿದರೂ ಒರಟಾಗಿ ಕೇಳಿಸುತ್ತದೆ ಅವರಿಗೆ. ಅಜ್ಜಿ ನನ್ನ ಖಾಲಿ ಬಾಟಲಿ ನೋಡಿದರು. ಏನೂ ಕೇಳಲಿಲ್ಲ. ಬಾಟಲಿ ತೆಗೆದುಕೊಂಡು, ನಲ್ಲಿ ಬಿಟ್ಟು, ನೀರು ತಣ್ಣಗಾಗುವವರೆಗೆ ಹರಿಸಿ, ಮೊದಲು ತಾವೇ ಬೊಗಸೆಯಲ್ಲಿ ಹಿಡಿದು ಕುಡಿದು ತೋರಿಸಿದರು. ಆಮೇಲೆ ತುಂಬಿಸಿ ಕೊಟ್ಟರು. ಅಲ್ಲೇ ನಿಂತು ಒಂದು ಬಾಟಲಿ ಪೂರ್ತಿ ಕುಡಿದೆ.

ಆಮೇಲೆ ಬಾ ಎಂದು ಕೈಸನ್ನೆ ಮಾಡಿದರು. ಮನೆ ಪಕ್ಕದಲ್ಲೇ. ಹಿತ್ತಲಿನಿಂದ ನಾಲ್ಕು ಟೊಮೆಟೊ ಕಿತ್ತು ತಂದರು. ಬ್ರೆಡ್ಡು, ಬೆಣ್ಣೆ, ಉಪ್ಪು. ಮಾಂಸ ಬೇಡವಾ ಎಂದು ಎರಡು ಸಲ ಕೇಳಿದರು, ಬೇಡ ಅಂದಾಗ ಇನ್ನೆರಡು ಟೊಮೆಟೊ ತಂದರು. ನನ್ನ ಹರಕು ಫ್ರೆಂಚಿನಲ್ಲಿ ಮಾತಾಯಿತು. ನೀರು ಹಾಕುತ್ತಿದ್ದದ್ದು ಅವರ ಯಜಮಾನರ ಸಮಾಧಿಗೆ. ಅವರು ಆ ಸುತ್ತಿನ ಪೋಸ್ಟ್‌ಮ್ಯಾನ್ ಆಗಿದ್ದರಂತೆ. ಮೊದಲ ಹದಿನೈದು ವರ್ಷ ಸೈಕಲ್ಲಿನಲ್ಲೇ ಟಪಾಲು ಹಂಚಿದವರು. ಟ್ರಾನ್ಸೆಗೆ ಹೋಗಬೇಕು, ಮತ್ತೆ ದೊಡ್ಡ ರಸ್ತೆಗೆ ಹೋಗಿ ಸೇರುತ್ತೇನೆ ಅಂದೆ. ಅಜ್ಜಿ ಬೇಡ ಎಂದು ಜೋರಾಗಿ ತಲೆ ಆಡಿಸಿದರು. ಬ್ರೆಡ್ಡು ಸುತ್ತಿದ ಕಾಗದ ತೆಗೆದು ಅದರ ಮೇಲೆ ಪೆನ್ಸಿಲಿನಲ್ಲಿ ದಾರಿ ಬರೆದರು. ಇಲ್ಲಿ ಕಲ್ಲಿನ ಶಿಲುಬೆ, ಎಡಕ್ಕೆ ತಿರುಗು. ಇಲ್ಲಿ ಬಟ್ಟೆ ಒಗೆಯುವ ಹಳೆಯ ಕೊಳ. ಇಲ್ಲಿ ಬಿಳಿ ಹಸುಗಳ ತೋಟದ ಮನೆ, ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ಅದು ಅವರ ಯಜಮಾನರು ದಿನಾ ತುಳಿದ ದಾರಿ.

ಆ ಕಾಗದ ಹಿಡಿದು ಮೂರು ಗಂಟೆ ತುಳಿದೆ. ನನ್ನನ್ನು ದಾಟಿಹೋದದ್ದು ಎರಡು ಕಾರು, ಒಂದು ಟ್ರ್ಯಾಕ್ಟರು. ಟ್ರ್ಯಾಕ್ಟರಿನವನು ಕೈ ಎತ್ತಿದ. ಗೋಧಿ ಕೊಯ್ದ ಹೊಲ, ತಲೆ ಬಾಗಿಸಿದ ಸೂರ್ಯಕಾಂತಿ, ಬೇಲಿಯಾಚೆ ಶರೊಲೆ ತಳಿಯ ಬಿಳಿ ಹಸುಗಳು. ನನ್ನ ಸೈಕಲ್ಲಿನ ಚೈನು ಸದ್ದು ಮಾಡುವುದು ನನಗೆ ಕೇಳಿಸಿತು. ಆ ಅಜ್ಜಿಯ ಕಾಗದ ಈಗಲೂ ನನ್ನ ಹತ್ತಿರ ಇದೆ. ಬೆಣ್ಣೆಯ ಜಿಡ್ಡು ಹಿಡಿದಿದೆ.

ಆ ದಾರಿ ಕೊನೆಗೆ ಕಾಡಿಗೆ ಸೇರಿತು. ಟ್ರಾನ್ಸೆ ಅಂದರೆ ಓಕ್ ಮರಗಳ ಕಾಡು, 10,000 ಹೆಕ್ಟೇರಿಗೂ ಜಾಸ್ತಿ. ಫ್ರಾನ್ಸಿನ ರಾಜ 14ನೇ ಲೂಯಿಯ ಮಂತ್ರಿ ಕೋಲ್ಬೇರ್, ನೌಕಾಪಡೆಯ ಹಡಗಿಗೆ ಮರ ಬೇಕೆಂದು 1670ರ ಸುಮಾರಿಗೆ ಈ ಕಾಡನ್ನು ಜೋಪಾನ ಮಾಡಿಸಿದ. ಓಕ್ ಬಲಿಯಲು ಇನ್ನೂರು ವರ್ಷದ ಮೇಲೆ ಬೇಕು. ಮರ ಬಲಿಯುವ ಹೊತ್ತಿಗೆ ಹಡಗುಗಳೆಲ್ಲ ಕಬ್ಬಿಣದವಾಗಿದ್ದವು. ಈಗ ಇಲ್ಲಿಯ ಮರದಿಂದ ವೈನಿನ ಪೀಪಾಯಿ ಮಾಡುತ್ತಾರೆ. ಮರಗಳನ್ನು ಒತ್ತೊತ್ತಾಗಿ ಬೆಳೆಸುತ್ತಾರೆ. ಬೆಳಕಿಗಾಗಿ ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ಬಯಲಿನ ಬಿಸಿಲಿಂದ ಆ ನೆರಳಿನೊಳಗೆ ಸೈಕಲ್ ನುಗ್ಗಿದಾಗ, ಮಧ್ಯಾಹ್ನ ದೇವಸ್ಥಾನದ ಒಳಗೆ ಬರಿಗಾಲಿಟ್ಟ ಹಾಗೆ ತಣ್ಣಗಾಯಿತು. ಸಾಂ ಬೊನೆ ಎಂಬ ಹಳ್ಳಿಯ ಕೆರೆಯಲ್ಲಿ ಕಾಲು ಇಳಿಬಿಟ್ಟು ಸಂಜೆಯವರೆಗೆ ಕೂತೆ.

ಕಾಡಿನ ಬಗ್ಗೆ ಇನ್ನೂ ಜಾಸ್ತಿ ಹೇಳಬೇಕೆಂದಿದ್ದೆ. ಸ್ಟುಡಿಯೋದ ಗಡಿಯಾರ ಬಿಡುತ್ತಿಲ್ಲ. ಬೇಗ ಬೇಗ ಹೇಳಿಬಿಡುತ್ತೇನೆ. ಕಾಡಿನ ನಡುವೆ ಆರೆಂಟು ದಾರಿ ನಕ್ಷತ್ರದ ಹಾಗೆ ಕೂಡುವ ಜಾಗಗಳಿವೆ. ಎಲ್ಲ ದಾರಿಯೂ ಒಂದೇ ಥರ ಕಾಣುತ್ತದೆ. ನಿಂತು, ಹಲಗೆ ಓದಿ, ಆಮೇಲೆ ಹೊರಡಿ. ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಬೇಟೆಯ ಕಾಲ. ಶಾಸ್ ಆಂ ಕೂರ್ ಎಂಬ ಹಲಗೆ ಕಂಡರೆ ಬೇಟೆ ನಡೆಯುತ್ತಿದೆ ಅಂತ, ಒಳಗೆ ಹೋಗಲೇಬೇಡಿ. ಗ್ರಾವಿಯೋಂ ಎಂದು ಬರೆದಿದ್ದರೆ ಹೊಸದಾಗಿ ಜಲ್ಲಿ ಹಾಕಿದ್ದಾರೆ, ನಿಧಾನ. ಹಳ್ಳಿಯೊಳಗೆ ಬಲಗಡೆಯ ಸಂದಿಯಿಂದ ಬರುವ ಗಾಡಿಗೆ ಮೊದಲ ಹಕ್ಕು. ನೀವು ಅಗಲ ರಸ್ತೆಯಲ್ಲಿದ್ದರೂ ಅವನು ನಿಲ್ಲುವುದಿಲ್ಲ. ಇದನ್ನು ಮರೆಯಬೇಡಿ. ಊರಾಚೆ ಸೈಕಲ್ ದಾಟುವ ಕಾರು ಒಂದೂವರೆ ಮೀಟರು ದೂರ ಬಿಡಬೇಕೆಂದು ಅಲ್ಲಿ ಕಾನೂನಿದೆ, ಬಹಳ ಜನ ಬಿಡುತ್ತಾರೆ. ನಲ್ಲಿಯ ಮೇಲೆ ಓ ನೋಂ ಪೊತಾಬ್ಲ್ ಎಂದಿದ್ದರೆ ಕುಡಿಯಬೇಡಿ. ಟೈರು 28 ಇಲ್ಲವೇ 32 ಮಿಲಿಮೀಟರ್ ಅಗಲ ಇರಲಿ.

ಮತ್ತೆ ಅದೇ ಮಾತು. ಫೋನು ನಿಮಗೆ ಬೇಗ ತಲುಪುವ ದಾರಿ ತೋರಿಸುತ್ತದೆ. ಕೇಳಬೇಡಿ. ಸಣ್ಣ ರಸ್ತೆ ಹಿಡಿಯಿರಿ. ಪ್ಯಾರಿಸಿನ ಆಸ್ಟರ್ಲಿಟ್ಜ್ ನಿಲ್ದಾಣದಿಂದ ಬೂರ್ಜಿಗೆ ಸುಮಾರು ಎರಡು ಗಂಟೆಯ ರೈಲು ಇದೆ. ಇಳಿದು, ಬೇಕರಿಯಲ್ಲಿ ಬ್ರೆಡ್ಡು ತಗೊಂಡು, ಹನ್ನೆರಡು ಗಂಟೆಯೊಳಗೆ ಚೀಲ ತುಂಬಿಸಿಕೊಳ್ಳಿ. ಹನ್ನೆರಡರಿಂದ ಎರಡರವರೆಗೆ ಹಳ್ಳಿಯ ಅಂಗಡಿ ಮುಚ್ಚಿರುತ್ತದೆ. ಸೋಮವಾರವಂತೂ ಹೊರಡಲೇಬೇಡಿ. ನಮಸ್ಕಾರ.